ಬೆಂಗಳೂರಿನ ಫ್ಯಾನ್ ಮೇಳದಲ್ಲಿ ಕನ್ನಡ ಕಾದಂಬರಿಯ ಟೇಬಲ್ ಹಾಕಿದರೆ ಗಿಟ್ಟುತ್ತಾ?

ಕೋಟೆಗುಡ್ಡ (ಬಳ್ಳಾರಿ)
ಎಲ್ಲರಿಗೂ ನಮಸ್ಕಾರ. ಎರಡು ಕಾದಂಬರಿ ಬರೆದು ನಾನೇ ದುಡ್ಡು ಹಾಕಿ ಅಚ್ಚು ಹಾಕಿಸಿದ್ದೇನೆ. ಎರಡೂ ಮಾಯೆ, ಸಾಹಸದ ಕಥೆ. ಕಂಪ್ಲಿ ಕಡೆಯ ಅಂಬಿಗರ ಹುಡುಗಿಯೊಬ್ಬಳಿಗೆ ಹೊಳೆಯಲ್ಲಿ ಮುಳುಗಿದ ಊರಿನ ದಾರಿ ಸಿಗುತ್ತದೆ, ಅಲ್ಲಿಂದ ಶುರು. ಮೂರನೇ ಭಾಗ ಅರ್ಧ ಆಗಿದೆ. ಹಗಲು ಜೀನ್ಸ್ ಯೂನಿಟ್ ಒಂದರಲ್ಲಿ ಲೆಕ್ಕ ಬರೆಯುವ ಕೆಲಸ, ರಾತ್ರಿ ಊಟ ಆದ ಮೇಲೆ ಈ ಕೆಲಸ.

ಇಲ್ಲಿಯವರೆಗೆ ಕೊಂಡವರು ಹೆಚ್ಚಾಗಿ ಗೊತ್ತಿರುವವರೇ. ನೆಂಟರು, ಜೊತೆ ಕೆಲಸ ಮಾಡುವವರು, ಕಾಲೇಜಿನ ಮೇಷ್ಟ್ರು. ಅವರೆಲ್ಲ ಮುಗಿದರು. ಅಂಗಡಿಗೆ ಕೊಟ್ಟರೆ ಬೆಲೆಯಲ್ಲಿ 40% ಬಿಡಬೇಕು, ಮಾರಿದ ದುಡ್ಡು ಕೇಳೋಕೆ ಹತ್ತು ಸಲ ಫೋನ್ ಮಾಡಬೇಕು. ಈಗ ಗೆಳತಿಯೊಬ್ಬಳು ಬೆಂಗಳೂರಿನ ಕಾಮಿಕ್ ಕಾನ್ ಥರದ, ಕಾಮಿಕ್ಸ್ ಕಾರ್ಟೂನ್ ಅಭಿಮಾನಿಗಳು ಸೇರುವ ಮೇಳದಲ್ಲಿ ಟೇಬಲ್ ಹಾಕು ಅಂತ ತಲೆ ತಿನ್ನುತ್ತಿದ್ದಾಳೆ. ಅಲ್ಲಿ ಬರುವ ಹುಡುಗರು ಇಂಥ ಕಥೆಯನ್ನೇ ಓದುವವರು ಅನ್ನೋದು ಅವಳ ವಾದ. ಓದ್ತಾರೆ ಸರಿ, ಆದರೆ ಇಂಗ್ಲಿಷಿನಲ್ಲಿ ಅಲ್ವಾ? ಜಪಾನಿ ಕಾರ್ಟೂನಿನ ವೇಷ ಹಾಕಿಕೊಂಡು ಬಂದ ಹುಡುಗ ಕನ್ನಡದ ಕಾದಂಬರಿ ಯಾಕೆ ತಗೋತಾನೆ? ಯಾರಾದರೂ ಹೋಗಿದ್ದರೆ ಹೇಳಿ. ಇಲ್ಲ, ಸಮ್ಮೇಳನ, ಜಾತ್ರೆ ಇಷ್ಟೇ ಸಾಕಾ?

ಒಗ್ಗರಣಿ_ಮಿರ್ಚಿ (ರಾಯಚೂರು)
ಟೇಬಲ್ ಬಾಡಿಗೆ ಎಷ್ಟು ಸರ್? ಅದು ಗೊತ್ತಿಲ್ಲದೆ ಸುಮ್ನೆ ಚರ್ಚೆ ಯಾಕೆ.

ಕೋಟೆಗುಡ್ಡ (ಬಳ್ಳಾರಿ)
ಸರ್ ಅಲ್ಲ, ಮೇಡಂ. ಬಾಡಿಗೆ ಇನ್ನೂ ಕೇಳಿಲ್ಲ. ಮೇಳದಿಂದ ಮೇಳಕ್ಕೆ ಬೇರೆ ಅಂತ ಕೇಳಿದೆ.

ಪೆನ್ಸಿಲ್_ಮೊನೆ (ಬೆಂಗಳೂರು, ಊರು ಗಂಗಾವತಿ)
ಅಕ್ಕ, ನಾನು ಚಿತ್ರಕಥೆ ಬಿಡಿಸುವವನು. ಇಂಥ ಮೇಳಗಳಲ್ಲಿ ಟೇಬಲ್ ಹಾಕುತ್ತಾ ಬಂದಿದ್ದೇನೆ. ನಾನು ಕಂಡಿದ್ದು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಕಾಮಿಕ್ ಕಾನ್ ಇಂಡಿಯಾ 2011ರಲ್ಲಿ ದಿಲ್ಲಿ ಹಾಟ್‌ನಲ್ಲಿ ಶುರುವಾಯಿತು, ಮರುವರ್ಷ ಬೆಂಗಳೂರಿಗೂ ಬಂತು. ಈಚೆಗೆ ವೈಟ್‌ಫೀಲ್ಡ್‌ನ ಕೆಟಿಪಿಒ ವಸ್ತುಪ್ರದರ್ಶನ ಕೇಂದ್ರದಲ್ಲಿ ನಡೆದಿದೆ. ಒಳಗೆ ದೊಡ್ಡ ಕಂಪನಿಗಳ ಮಳಿಗೆ ಒಂದು ಕಡೆ, ನನ್ನಂಥ ಒಂಟಿ ಜನ ಕೂರುವ ಟೇಬಲ್ ಸಾಲು ಇನ್ನೊಂದು ಕಡೆ. ಆ ಸಾಲಿಗೆ ಆರ್ಟಿಸ್ಟ್ ಆಲಿ ಅನ್ನುತ್ತಾರೆ. ನಿಮಗೆ ಬೇಕಿರುವುದು ಅದು. ಮಳಿಗೆ ಬಾಡಿಗೆ ಕೇಳಲೇಬೇಡಿ, ತಲೆ ತಿರುಗುತ್ತೆ. ಟೇಬಲ್ ಸಾಲಿಗೆ ಮೊದಲೇ ಅರ್ಜಿ ಹಾಕಬೇಕು. ನಿಮ್ಮ ಕೆಲಸದ ನಮೂನೆ ನೋಡಿ ಆರಿಸುತ್ತಾರೆ.

ಈಗ ಕಹಿ ಮಾತು. ಆ ಸಾಲಿನಲ್ಲಿ ಜಾಸ್ತಿ ಹೋಗುವುದು ಪುಸ್ತಕ ಅಲ್ಲ. ಸ್ಟಿಕರ್, ಪೋಸ್ಟರ್, ಕೀಚೈನ್, ಬ್ಯಾಡ್ಜ್. ಟಿಕೆಟ್ ಜೊತೆಗೇ ಒಂದು ಕಾಮಿಕ್ ಪುಕ್ಕಟೆ ಕೊಡುತ್ತಾರೆ, ಹಾಗಾಗಿ ಎಲ್ಲರ ಚೀಲದಲ್ಲೂ ಓದೋಕೆ ಏನೋ ಒಂದು ಆಗಲೇ ಇರುತ್ತೆ. ಬೆಳಿಗ್ಗೆ ಬಂದವರು ನೇರ ಗೊಂಬೆ ಮಳಿಗೆಗೆ ಓಡುತ್ತಾರೆ. ನಮ್ಮ ಸಾಲಿಗೆ ಜನ ಸೇರುವುದು ಮಧ್ಯಾಹ್ನದ ಮೇಲೆ. ಅಷ್ಟು ಹೊತ್ತಿಗೆ ಜೇಬು ಅರ್ಧ ಖಾಲಿ.

ಆದರೂ ಪುಸ್ತಕ ಹೋಗುತ್ತೆ. ಯಾರು ತಗೋತಾರೆ ಗೊತ್ತಾ? ವೇಷ ಹಾಕಿದ ಹುಡುಗ ಅಲ್ಲ, ಅವನನ್ನು ಕರೆದುಕೊಂಡು ಬಂದ ಅಪ್ಪ ಅಮ್ಮ. ಒಳಗೆ ಅವರಿಗೆ ಏನೂ ಅರ್ಥ ಆಗಿರಲ್ಲ, ಕಾಲು ನೋಯುತ್ತಿರುತ್ತೆ, ಕೂರೋಕೆ ಜಾಗ ಇರಲ್ಲ. ಅಂಥ ಹೊತ್ತಲ್ಲಿ ಕನ್ನಡದ ಅಕ್ಷರ ಕಂಡರೆ ನಿಂತೇ ನಿಲ್ಲುತ್ತಾರೆ. ‘ಏನ್ರೀ, ಇಲ್ಲೂ ಕನ್ನಡ ಪುಸ್ತಕ ಇದೆಯಾ’ ಅಂತ ಮಾತು ಶುರು. ‘ನಮ್ಮ ಮಗನಿಗೆ ಕನ್ನಡ ಓದಿಸಬೇಕು, ಯಾವ ಪುಸ್ತಕ ಕೊಟ್ಟರೂ ಮೂಲೆಗೆ ಇಡ್ತಾನೆ’ ಅಂತಾರೆ. ನಿಮ್ಮ ಕಥೆ ಅಂಥವರಿಗೇ. ಎರಡನೇ ಗುಂಪು ಕಾಲೇಜು ಹುಡುಗ ಹುಡುಗಿಯರು, ಮನೆಯಲ್ಲಿ ಕನ್ನಡ, ಓದು ಮಾತ್ರ ನಿಧಾನ. ಅವರು ಮೊದಲು ಅಕ್ಷರದ ಗಾತ್ರ ನೋಡುತ್ತಾರೆ, ಆಮೇಲೆ ಅಧ್ಯಾಯ ಎಷ್ಟು ಉದ್ದ ಅಂತ. ಪುಟ ತಿರುವಿ ಅಚ್ಚು ಒತ್ತೊತ್ತಾಗಿ ಕಂಡರೆ ಮೆಲ್ಲಗೆ ಇಟ್ಟು ಹೋಗುತ್ತಾರೆ.

ಒಂದು ಮಾತು ಮಾತ್ರ ಗಟ್ಟಿ. ಕುರ್ಚಿಯಲ್ಲಿ ಕೂತು ಮೊಬೈಲ್ ನೋಡಿದರೆ ಒಂದು ಪ್ರತಿಯೂ ಹೋಗಲ್ಲ. ನಿಂತುಕೊಂಡಿರಬೇಕು.

ತುಂಗಭದ್ರಾ_ಎಡದಂಡೆ (ಸಿಂಧನೂರು)
ಇಷ್ಟೆಲ್ಲ ಕಷ್ಟಪಟ್ಟು ವೈಟ್‌ಫೀಲ್ಡ್‌ಗೆ ಯಾಕೆ ಹೋಗಬೇಕು? ಕನ್ನಡ ಪುಸ್ತಕ ಕೊಳ್ಳುವ ಜನ ಸಾಹಿತ್ಯ ಸಮ್ಮೇಳನದಲ್ಲಿ ಇದ್ದಾರೆ. ಮಂಡ್ಯ ಸಮ್ಮೇಳನದಲ್ಲೇ 88ನೆಯದು ಬಳ್ಳಾರಿಗೆ ಅಂತ ತೀರ್ಮಾನ ಆಯ್ತು. ಮನೆ ಬಾಗಿಲಿಗೆ ಬರುವ ಜನ ಬಿಟ್ಟು ಮಾರುವೇಷದವರ ಹಿಂದೆ ಹೋಗೋದು ಯಾವ ಬುದ್ಧಿ? 1958ರಲ್ಲಿ ಗೋಕಾಕರ ಅಧ್ಯಕ್ಷತೆಯಲ್ಲಿ ಬಳ್ಳಾರಿಯಲ್ಲಿ ನಡೆದಿತ್ತು, ಅದಕ್ಕೂ ಮೊದಲು 1926, 1938ರಲ್ಲಿ. ನಮ್ಮ ಕಡೆಗೆ ಈ ಪರಂಪರೆ ಹೊಸದಲ್ಲ.

ಒಗ್ಗರಣಿ_ಮಿರ್ಚಿ (ರಾಯಚೂರು)
ಸಮ್ಮೇಳನಕ್ಕೆ ಬರುವವರಲ್ಲಿ ಅರ್ಧ ಜನ ಓಓಡಿ ಚೀಟಿಗೆ (ಬಂದ ದಿನ ಡ್ಯೂಟಿ ಅಂತಲೇ ಲೆಕ್ಕ), ಅರ್ಧ ಜನ ಊಟಕ್ಕೆ. 😀

ತುಂಗಭದ್ರಾ_ಎಡದಂಡೆ (ಸಿಂಧನೂರು)
ಓಓಡಿ ಚೀಟಿಗೆ ಬರುವ ಮೇಷ್ಟ್ರೇ ಪುಸ್ತಕ ಕೊಳ್ಳೋದು ಕಣಪ್ಪ. ಮಳಿಗೆ ಸಾಲಲ್ಲಿ ಒಂದು ದಿನ ನಿಂತು ನೋಡು, ಆಮೇಲೆ ಮಾತಾಡು.

ಹತ್ತಿಕಾಳು (ರಾಯಚೂರು)
ಸಮ್ಮೇಳನದ ಮಾತು ಬಂತಲ್ಲ, 2016ರ ರಾಯಚೂರು ಸಮ್ಮೇಳನದಲ್ಲಿ ನಾನು ಪರಿಚಯದವರ ಮಳಿಗೆಯಲ್ಲಿ ಕೂತಿದ್ದೆ. ಡಿಸೆಂಬರ್ 2ರಿಂದ ಮೂರು ದಿನ. ಬರಗೂರರು ಅಧ್ಯಕ್ಷರು. ನೋಟು ರದ್ದಾಗಿ ಇನ್ನೂ ಒಂದು ತಿಂಗಳು ಆಗಿರಲಿಲ್ಲ. ಜನ ಏನು ಕಡಿಮೆ ಇರಲಿಲ್ಲ. ಆಸೆಯಿಂದ ಪುಸ್ತಕ ಎತ್ತಿಕೊಳ್ಳುತ್ತಿದ್ದರು, ಆಮೇಲೆ 120 ರೂಪಾಯಿ ಪುಸ್ತಕಕ್ಕೆ ಗುಲಾಬಿ ಬಣ್ಣದ 2,000ದ ನೋಟು ಮುಂದೆ ಹಿಡಿಯುತ್ತಿದ್ದರು. ಚಿಲ್ಲರೆ ಎಲ್ಲಿಂದ ತರೋದು? ಒಬ್ಬ ಅಜ್ಜ ಆರಿಸಿಟ್ಟ ಪುಸ್ತಕದ ಮೇಲೆ ತನ್ನ ಟವೆಲ್ ಹಾಕಿ ‘ಯಾರಿಗೂ ಕೊಡಬೇಡ, ಚಿಲ್ಲರೆ ಮಾಡಿಸಿಕೊಂಡು ಬರ್ತೀನಿ’ ಅಂತ ಹೋದವರು ಸಂಜೆ ಬಂದರು. ಬಂದು ಅಷ್ಟನ್ನೂ ಕೊಂಡರು, ಅದು ಬೇರೆ ಮಾತು.

ಈಗ ಎಲ್ಲರ ಕೈಯಲ್ಲೂ ಫೋನ್‌ಪೇ ಇದೆ. ಆದರೆ ಜನ ಸೇರಿದ ಕಡೆ ನೆಟ್‌ವರ್ಕ್ ಕೈ ಕೊಡುತ್ತೆ. ಎರಡು ಬೇರೆ ಕಂಪನಿಯ ಸಿಮ್ ಇಟ್ಟುಕೊಳ್ಳಿ, 10, 20, 50ರ ನೋಟೂ ಇರಲಿ. ಸ್ಕ್ಯಾನರ್ ಚೀಟಿಯನ್ನು ಟೇಬಲ್ ಮೇಲೆ ಮಲಗಿಸಬೇಡಿ, ನಿಲ್ಲಿಸಿ. ಜನ ಅದರ ಮೇಲೇ ಪುಸ್ತಕ ಇಟ್ಟು ‘ಸ್ಕ್ಯಾನರ್ ಎಲ್ಲಿ’ ಅಂತ ಕೇಳುತ್ತಾರೆ.

ಡಿಟಿಪಿ_ಅಕ್ಕ (ಕೊಪ್ಪಳ)
ಕೋಟೆಗುಡ್ಡ ಅವರೇ, ಎಷ್ಟು ಪುಟ, ಎಷ್ಟು ಪ್ರತಿ, ಯಾವ ಅಳತೆ? ಅದು ಹೇಳಿದರೆ ಬೆಲೆ ಸರಿ ಇದೆಯಾ ಹೇಳಬಹುದು.

ಕೋಟೆಗುಡ್ಡ (ಬಳ್ಳಾರಿ)
ಎರಡೂ ಸುಮಾರು 200 ಪುಟ, ಡೆಮಿ 1/8, 70 ಜಿಎಸ್‌ಎಂ ಕಾಗದ. ಮುಖಬೆಲೆ 200.

ಡಿಟಿಪಿ_ಅಕ್ಕ (ಕೊಪ್ಪಳ)
ಪುಟಕ್ಕೆ ಒಂದು ರೂಪಾಯಿ ಲೆಕ್ಕ, ಸರಿ ಇದೆ. ಮುಂದಿನ ಸಲ ಹೊಸದಾಗಿ ಅಚ್ಚು ಹಾಕಿಸುವಾಗ ಒಂದು ಗಮನಿಸಿ. ಆಫ್‌ಸೆಟ್‌ನಲ್ಲಿ 16 ಪುಟಕ್ಕೆ ಒಂದು ಫಾರಂ. 200 ಪುಟ ಅಂದರೆ 12 ಫಾರಂ ಆಗಿ ಅರ್ಧ ಫಾರಂ ಉಳಿಯುತ್ತೆ. 192ಕ್ಕೆ ಇಳಿಸಿ ಅಥವಾ 208ಕ್ಕೆ ಏರಿಸಿ, ಆ 8 ಪುಟದಲ್ಲಿ ಮೂರನೇ ಭಾಗದ ಮೊದಲ ಅಧ್ಯಾಯ ಹಾಕಿ. ಪ್ರತಿ ಕಡಿಮೆ ಸಾಕು ಅಂದರೆ ಡಿಜಿಟಲ್ ಪ್ರಿಂಟ್ ಮಾಡಿಸಿ. ಒಂದೊಂದು ಪ್ರತಿಗೆ ಜಾಸ್ತಿ ಬೀಳುತ್ತೆ, ಆದರೆ ಮಂಚದ ಕೆಳಗೆ ಗಂಟು ಉಳಿಯಲ್ಲ.

ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಹಾಕಿಸಿದ್ದೀರಾ? ಅದು ಪುಕ್ಕಟೆ ಸಿಗುತ್ತೆ, ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಏಜೆನ್ಸಿಯ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಅದಕ್ಕೆ ದುಡ್ಡು ಕೇಳುವ ಏಜೆಂಟರು ತುಂಬಾ ಜನ ಇದ್ದಾರೆ, ಕೊಡಬೇಡಿ. ಇನ್ನೊಂದು, 1954ರ ಕಾಯ್ದೆ ಪ್ರಕಾರ ಪ್ರಕಾಶಕರು ಒಂದು ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳಿಸಬೇಕು, ಇನ್ನೂ ಮೂರು ಗ್ರಂಥಾಲಯಕ್ಕೆ ಒಂದೊಂದು. ಸ್ವಂತ ಪ್ರಕಾಶನ ಅಂದರೆ ನೀವೇ ಪ್ರಕಾಶಕರು.

ಗುಡೇಕೋಟೆ_ಕರಡಿ
ಇದೆಲ್ಲ ಸರಿ. ಆದರೆ ಮಾಯಾಜಾಲದ ಕಥೆ ಸಾಹಿತ್ಯ ಅಂತ ಯಾರು ಒಪ್ಪುತ್ತಾರೆ? ಗಂಭೀರ ಓದುಗರು ಕೈಗೇ ತೆಗೆದುಕೊಳ್ಳಲ್ಲ. ಮೊದಲು ಬರವಣಿಗೆ ಗಟ್ಟಿ ಮಾಡಿಕೊಳ್ಳಿ, ಆಮೇಲೆ ಮಾರಾಟ.

ಹತ್ತಿಕಾಳು (ರಾಯಚೂರು)
ಓದದೇ ಗಟ್ಟಿ ಇಲ್ಲ ಅಂತ ಹೇಗೆ ಗೊತ್ತಾಯ್ತು ನಿಮಗೆ?

ನಿವೃತ್ತ_ಮೇಷ್ಟ್ರು (ಕುಷ್ಟಗಿ)
ಕರಡಿಯವರೇ, ನಮ್ಮ ಕಾಲದಲ್ಲಿ ಊರೂರಿಗೆ ಬಾಡಿಗೆ ಲೈಬ್ರರಿ ಇತ್ತು. ಪತ್ತೇದಾರಿ, ಮಾಟ ಮಂತ್ರ, ಸಾಮಾಜಿಕ, ಎಲ್ಲ ಒಂದೇ ಕಪಾಟಿನಲ್ಲಿ. ದಿನಕ್ಕೆ ನಾಲ್ಕಾಣೆ ಕೊಟ್ಟು ಒಯ್ದು, ಮರುದಿನದ ಬಾಡಿಗೆ ಉಳಿಸಲು ರಾತ್ರಿಯೆಲ್ಲ ಓದುತ್ತಿದ್ದೆವು. ಗಂಭೀರ ಪುಸ್ತಕ ಓದುವ ಅಭ್ಯಾಸ ನನಗೆ ಬಂದಿದ್ದೇ ಆ ಪತ್ತೇದಾರಿಗಳಿಂದ. ನಮ್ಮ ದೊಡ್ಡಾಟ ಬಯಲಾಟದ ತುಂಬ ಮಾಯೆ, ಶಾಪ, ರಾಕ್ಷಸರು. ಅದನ್ನು ಬೆಳಗಿನ ತನಕ ಕೂತು ನೋಡುವ ಜನ ಪುಸ್ತಕದಲ್ಲಿ ಬಂದರೆ ಓದಲ್ಲವಾ?

ಮಾರುವುದರ ಬಗ್ಗೆಯೂ ಒಂದು ಮಾತು. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರಿಂದ ಊರಿಗೆ ನಡೆದು ಮಾರಿದವರು. ಬರೆದವರು ತಾವೇ ಮಾರೋದು ಕನ್ನಡದಲ್ಲಿ ನಾಚಿಕೆಯ ಕೆಲಸ ಯಾವತ್ತೂ ಆಗಿರಲಿಲ್ಲ ತಾಯಿ. ಧೈರ್ಯವಾಗಿ ಹೋಗು.

ಒಗ್ಗರಣಿ_ಮಿರ್ಚಿ (ರಾಯಚೂರು)
ಪುಸ್ತಕ ಮಾರುವ ಮಾತು ಬಂದರೆ ಗಳಗನಾಥರು ಬಂದೇ ಬರ್ತಾರೆ. ಮೇಷ್ಟ್ರೇ, ತಪ್ಪು ತಿಳೀಬೇಡಿ, ಅವರು ಹೊತ್ತು ನಡೆದರು, ಆದರೆ ಬಡತನದಲ್ಲೇ ಹೋದರು. ಆ ಭಾಗ ಯಾರೂ ಹೇಳಲ್ಲ. ಲೇಖಕ ಕಷ್ಟಪಡಲಿ ಅಂತ ನಮಗೆ ಯಾಕೆ ಇಷ್ಟು ಆಸೆ?

ನಿವೃತ್ತ_ಮೇಷ್ಟ್ರು (ಕುಷ್ಟಗಿ)
ಅದೂ ನಿಜವೇ.

ಸಂಡೂರು_ಸಂಪಿಗೆ
ಕಷ್ಟದ ಕಥೆ ಒಂದೇ ಯಾಕೆ? ನಮ್ಮ ಸಂಡೂರಿನ ವಸುಧೇಂದ್ರ ಸಾಫ್ಟ್‌ವೇರ್ ಕೆಲಸದಲ್ಲಿ ಇದ್ದುಕೊಂಡೇ ಛಂದ ಪುಸ್ತಕ ಅನ್ನೋ ಪ್ರಕಾಶನ ಕಟ್ಟಿದರು. ಎಷ್ಟೋ ಹೊಸಬರ ಮೊದಲ ಕಥಾಸಂಕಲನ ಅಲ್ಲಿಂದ ಬಂದಿದೆ. ಸಂಬಳ ಬರುವ ಕೆಲಸ ಬಿಡದೇ ಮಾಡೋದರಲ್ಲಿ ಜಾಣತನ ಇದೆ.

ಪರದೇಶಿ_ಬಳ್ಳಾರಿ (ಸಿಯಾಟಲ್)
ಕೌಲ್ ಬಜಾರ್ ಹುಡುಗ ನಾನು, ಈಗ ಇಲ್ಲಿದ್ದೇನೆ. ಮನೆಯವಳಿಗೆ ಈ ಫ್ಯಾನ್ ಮೇಳಗಳ ಹುಚ್ಚು, ಹಾಗಾಗಿ ನಾನೂ ಚೀಲ ಹಿಡಿದು ಹಿಂದೆ ಹೋಗುತ್ತೇನೆ. ಅಮೆರಿಕದಲ್ಲಿ ಇದು ಹಳೆಯ ವ್ಯವಹಾರ. ವೈಜ್ಞಾನಿಕ ಕಥೆಗಳ ವರ್ಲ್ಡ್‌ಕಾನ್ 1939ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾಯಿತು, ಸ್ಯಾನ್ ಡಿಯಾಗೊದ ಕಾಮಿಕ್ ಕಾನ್ 1970ರಲ್ಲಿ. ಸ್ವಂತವಾಗಿ ಪುಸ್ತಕ ಮಾಡಿಕೊಳ್ಳುವ ಲೇಖಕರು ಅಷ್ಟು ದೊಡ್ಡ ಕಡೆ ಕಡಿಮೆ. ಸಣ್ಣ ಊರುಗಳ ಮೇಳಕ್ಕೆ ಹೋಗುತ್ತಾರೆ, ಕಾರಿನ ಡಿಕ್ಕಿಯಲ್ಲಿ ಪುಸ್ತಕ ತುಂಬಿಕೊಂಡು ವಾರಾಂತ್ಯಕ್ಕೆ ಒಂದು ಊರು. ಇಬ್ಬರು ಮೂವರು ಸೇರಿ ಒಂದು ಟೇಬಲ್ ಹಿಡಿಯುತ್ತಾರೆ. ಒಬ್ಬರು ಊಟಕ್ಕೋ ಬಾತ್‌ರೂಮಿಗೋ ಹೋದರೆ ಇನ್ನೊಬ್ಬರು ನೋಡಿಕೊಳ್ಳುತ್ತಾರೆ. ಅದು ಸಣ್ಣ ವಿಷಯ ಅಂದುಕೊಳ್ಳಬೇಡಿ, ಒಂಟಿಯಾಗಿ ಇಡೀ ದಿನ ಟೇಬಲ್ ಕಾಯುವವರು ನೀರು ಕುಡಿಯೋಕೂ ಹೆದರುತ್ತಾರೆ.

ನಾನು ಗಮನಿಸಿದ ಇನ್ನೊಂದು. ಒಂದೇ ಪುಸ್ತಕ ಇಟ್ಟವರ ಮುಂದೆ ಜನ ನಿಲ್ಲಲ್ಲ. ಸರಣಿ ಇದ್ದರೆ ಮೊದಲ ಭಾಗ ಸ್ವಲ್ಪ ಅಗ್ಗ, ಮೂರೂ ಸೇರಿದ ಕಟ್ಟು ಇನ್ನೂ ಅಗ್ಗ. ಜೊತೆಗೆ ಒಂದು ಹಾಳೆ ಇಟ್ಟು ಓದುಗರ ಇಮೇಲ್ ಬರೆಸಿಕೊಳ್ಳುತ್ತಾರೆ. ಈ ಸಲ ಕೊಂಡವರು ಮುಂದಿನ ವರ್ಷ ಹುಡುಕಿಕೊಂಡು ಬರುತ್ತಾರೆ, ‘ಮುಂದೇನಾಯ್ತು’ ಅಂತ. ಅವರ ಇಡೀ ವ್ಯಾಪಾರ ನಿಂತಿರುವುದು ಆ ಮರಳಿ ಬರುವವರ ಮೇಲೆ. ಇಲ್ಲಿ ತೆರಿಗೆ ತಾಪತ್ರಯ ಜಾಸ್ತಿ. ನಮ್ಮ ರಾಜ್ಯದಲ್ಲಿ ಪುಸ್ತಕಕ್ಕೂ ಮಾರಾಟ ತೆರಿಗೆ ಇದೆ, ಗಿರಾಕಿಯಿಂದ ವಸೂಲಿ ಮಾಡಿ ಕಟ್ಟಬೇಕು. ನಿಮಗೆ ಆ ಕಷ್ಟ ಇಲ್ಲ ಅನಿಸುತ್ತೆ.

ಡೆಬಿಟ್_ಕ್ರೆಡಿಟ್ (ಬಳ್ಳಾರಿ)
ಹೌದು, ಇಲ್ಲಿ ಇಲ್ಲ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಸೊನ್ನೆ. ತೆರಿಗೆ ಇಲ್ಲದ ಮಾಲನ್ನು ಮಾತ್ರ ಮಾರುವವರು ನೋಂದಣಿ ಮಾಡಿಸಬೇಕಿಲ್ಲ. ಸ್ಟಿಕರ್, ಕೀಚೈನ್ ಇಟ್ಟರೆ ಅದಕ್ಕೆ ತೆರಿಗೆ ಇದೆ, ಆದರೆ ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ವರ್ಷದ ವಹಿವಾಟು 40 ಲಕ್ಷ ದಾಟುವ ತನಕ ನೋಂದಣಿ ಬೇಡ. ಆ ಮಟ್ಟಕ್ಕೆ ಬಂದರೆ ನಮಗೆಲ್ಲ ಊಟ ಹಾಕಿಸಿ.

ತೆರಿಗೆ ಬೀಳುವುದು ಬೇರೆ ಕಡೆ. ಟೇಬಲ್ ಬಾಡಿಗೆ ಮೇಲೆ 18% ಜಿಎಸ್‌ಟಿ ಸೇರಿಸುತ್ತಾರೆ. ನೋಂದಣಿ ಇಲ್ಲದವರಿಗೆ ಅದು ವಾಪಸ್ ಸಿಗಲ್ಲ. ಬಾಡಿಗೆ ಕೇಳುವಾಗ ‘ತೆರಿಗೆ ಸೇರಿಯಾ, ಬಿಟ್ಟಾ’ ಅಂತ ಕೇಳಿಕೊಳ್ಳಿ.

ಕೋಟೆಗುಡ್ಡ (ಬಳ್ಳಾರಿ)
ಎಲ್ಲರಿಗೂ ಥ್ಯಾಂಕ್ಸ್. ಲೆಕ್ಕ ಬರೆಯುವವಳು ನಾನು, ಹಾಗಾಗಿ ಒಂದು ಅಂದಾಜು ಹಾಕಿ ನೋಡಿದೆ. ಟೇಬಲ್ 12,000 ಅಂತ ಇಟ್ಟುಕೊಳ್ಳೋಣ, ನಿಜವಾದ ಬಾಡಿಗೆ ಅಲ್ಲ, ಬರೀ ಲೆಕ್ಕಕ್ಕೆ. 18% ಸೇರಿದರೆ 14,160. ಹೋಗಿ ಬರೋದು, ಉಳಿಯೋದು, ಊಟ 5,000. ಒಟ್ಟು 19,160. ಒಂದು ಪ್ರತಿಗೆ ಅಚ್ಚಿನ ಖರ್ಚು 70 ಅಂದರೆ 200ರ ಪುಸ್ತಕದಲ್ಲಿ ಉಳಿಯೋದು 130. ಅಸಲು ಬರಬೇಕಾದರೆ 148 ಪ್ರತಿ ಹೋಗಬೇಕು. ರಿಯಾಯಿತಿ ಕೊಡದೇ!

ಟೇಬಲ್ ಇಬ್ಬರು ಹಂಚಿಕೊಂಡರೆ ನನ್ನ ಪಾಲು 7,080. ಖರ್ಚು ಸೇರಿ 12,080. ಆಗ 93 ಪ್ರತಿ ಸಾಕು. ಎರಡೂ ಭಾಗ ಸೇರಿಸಿ 375ಕ್ಕೆ ಕೊಟ್ಟರೆ ಒಂದು ಜೋಡಿಯಲ್ಲಿ 235 ಉಳಿಯುತ್ತೆ, 52 ಜೋಡಿ ಹೋದರೆ ಅಸಲು. 52 ಮನೆ ಅಂದರೆ ಸ್ವಲ್ಪ ಧೈರ್ಯ ಬರುತ್ತೆ.

ಅಂಗಡಿಯಲ್ಲಿ 40% ಹೋದರೆ ಪ್ರತಿಗೆ 120 ಕೈಗೆ, ಅಚ್ಚಿನದು ಕಳೆದರೆ 50. ಇದೂ ನೆನಪಿರಲಿ. ಮೇಳ ದುಬಾರಿ ಅನ್ನುವವರು ಅಂಗಡಿಯ ಈ 50 ಮರೆಯುತ್ತಾರೆ.

ತುಂಗಭದ್ರಾ_ಎಡದಂಡೆ (ಸಿಂಧನೂರು)
ಎರಡು ದಿನದಲ್ಲಿ 52 ಜನ ಸಿಕ್ಕರೆ ನನ್ನ ಹೆಸರು ಬದಲಾಯಿಸ್ತೀನಿ. ಗ್ರಂಥಾಲಯದ ಸಗಟು ಖರೀದಿಗೆ ಹಾಕಿ, ಒಂದೇ ಏಟಿಗೆ ನೂರಾರು ಪ್ರತಿ ಹೋಗುತ್ತೆ.

ಡಿಟಿಪಿ_ಅಕ್ಕ (ಕೊಪ್ಪಳ)
ಅದಕ್ಕೂ ಹಾಕಲಿ, ತಪ್ಪೇನಿಲ್ಲ. ಆದರೆ ಅಲ್ಲಿ ಬೆಲೆ ಪುಟದ ಲೆಕ್ಕದಲ್ಲಿ ಅವರೇ ನಿಗದಿ ಮಾಡುತ್ತಾರೆ, ಆಯ್ಕೆ ಆಗಬೇಕು, ದುಡ್ಡು ಬರೋಕೆ ಕಾಯಬೇಕು. ಓದುಗರು ಯಾರು ಅಂತ ನಿಮಗೆ ಗೊತ್ತೇ ಆಗಲ್ಲ. ಮೂರನೇ ಭಾಗ ಬಂದಾಗ ಯಾರಿಗೆ ಹೇಳ್ತೀರಿ?

ಇನ್ನೊಂದು, ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಇದೆ. ಇವರಿಗೆ ದಾಟಿಹೋಯ್ತು, ಆದರೆ ಇದನ್ನು ಓದುತ್ತಿರುವ ಹೊಸಬರು ನೋಡಿ.

ಕಿನ್ನಾಳ_ಬಣ್ಣ (ಕೊಪ್ಪಳ)
ನಮ್ಮದು ಕಿನ್ನಾಳ ಗೊಂಬೆ ಮಾಡುವ ಮನೆ. ಪುಸ್ತಕದ ಬಗ್ಗೆ ಗೊತ್ತಿಲ್ಲ, ಮೇಳದಲ್ಲಿ ಕೂರೋದು ಗೊತ್ತು. ಹೇಳಬಹುದಾ?

ಕೋಟೆಗುಡ್ಡ (ಬಳ್ಳಾರಿ)
ಹೇಳಿ ಅಣ್ಣ, ಅದೇ ಬೇಕಿರೋದು.

ಕಿನ್ನಾಳ_ಬಣ್ಣ (ಕೊಪ್ಪಳ)
ಎಲ್ಲ ಮಾಲನ್ನೂ ಒಂದೇ ಸಲ ಹರಡಬೇಡಿ. ರಾಶಿ ಕಂಡರೆ ಜನ ‘ಇನ್ನೂ ಬಹಳ ಇದೆ, ಹೋಗುವಾಗ ತಗೊಂಡರಾಯ್ತು’ ಅಂತ ಮುಂದೆ ಹೋಗುತ್ತಾರೆ. ಹೋದವರು ಆ ದಾರಿಯಲ್ಲಿ ಮತ್ತೆ ಬರಲ್ಲ. ಸ್ವಲ್ಪ ಇಟ್ಟು, ಖಾಲಿ ಆದ ಹಾಗೆ ಕೆಳಗಿನಿಂದ ತೆಗೆದಿಡಿ.

ನೋಡೋಕೆ ಅಂತಲೇ ಒಂದು ಬೇರೆ ಇಡಿ. ದಿನವೆಲ್ಲ ಕೈ ತಾಗಿ, ಬಜ್ಜಿ ತಿಂದ ಬೆರಳು ತಾಗಿ ಅಂಚು ಮಡಚಿ ಹೋಗುತ್ತೆ. ನಾವು ಗೊಂಬೆಗೂ ಹಾಗೇ ಮಾಡುತ್ತೇವೆ. ಆ ಒಂದನ್ನು ಎಷ್ಟು ಮುಟ್ಟಿದರೂ ಸಿಟ್ಟು ಮಾಡಬಾರದು. ಮುಟ್ಟಿದವರೇ ಕೊಳ್ಳೋದು.

ಬೆಲೆ ಕೇಳಿದ ಕೂಡಲೇ ಇಳಿಸಬೇಡಿ. ಬೆಲೆ ಹೇಳಿ ಸುಮ್ಮನಿರಿ. ಆ ಸುಮ್ಮನಿರೋದು ಬಹಳ ಕಷ್ಟ.

ಊರ ಕಡೆ ಜಾತ್ರೆಯಲ್ಲಿ ಕೂರೋದಾದರೆ ಬಿಸಿಲು ನೋಡಿ ಜಾಗ ಹಿಡಿಯಿರಿ. ಮಧ್ಯಾಹ್ನದ ಮೇಲೆ ಮುಖಕ್ಕೆ ಬಿಸಿಲು ಹೊಡೆಯುವ ಕಡೆ ಯಾರೂ ನಿಲ್ಲಲ್ಲ. ಬಣ್ಣದ ಮುಖಪುಟ ಸುರುಳಿ ಕೂಡ ಆಗುತ್ತೆ.

ಸಂಡೂರು_ಸಂಪಿಗೆ
ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಪುಸ್ತಕ ಹೋಗುತ್ತಾ ಅಣ್ಣ?

ಕಿನ್ನಾಳ_ಬಣ್ಣ (ಕೊಪ್ಪಳ)
ಭಜನೆ ಪದ, ಪುರಾಣ, ಪಂಚಾಂಗ ಹೋಗುತ್ತೆ. ಮಕ್ಕಳ ಬಣ್ಣದ ಪುಸ್ತಕ ಹೋಗುತ್ತೆ. ಕಾದಂಬರಿ ನಾನು ನೋಡಿಲ್ಲ. ಅಲ್ಲಿ ಬರುವ ಜನ ದರ್ಶನ, ತೇರು, ದಾಸೋಹ ಮುಗಿಸಿ ಊರಿನ ಗಾಡಿ ಹಿಡಿಯುವ ಗಡಿಬಿಡಿಯಲ್ಲಿರುತ್ತಾರೆ.

ಒಗ್ಗರಣಿ_ಮಿರ್ಚಿ (ರಾಯಚೂರು)
ದಾಸೋಹದ ಮಿರ್ಚಿ ಬಗ್ಗೆ ಯಾರೂ ಹೇಳಲಿಲ್ಲ. ಲಕ್ಷಗಟ್ಟಲೆ ಮಿರ್ಚಿ ಕರಿಯುತ್ತಾರೆ, ಸಾಲಾಗಿ ಬಾಣಲೆ. ಅದನ್ನು ನೋಡೋಕೇ ಹೋಗಬೇಕು.

ಹತ್ತಿಕಾಳು (ರಾಯಚೂರು)
ಇವನ ಹೆಸರೇ ಮಿರ್ಚಿ, ಬೇರೆ ಏನು ಮಾತಾಡ್ತಾನೆ.

ತುಂಗಭದ್ರಾ_ಎಡದಂಡೆ (ಸಿಂಧನೂರು)
ಮಂಡ್ಯ ಸಮ್ಮೇಳನದಲ್ಲೂ ಇದೇ ಆಯ್ತು, ಪುಸ್ತಕಕ್ಕಿಂತ ಬಾಡೂಟದ ಚರ್ಚೆಯೇ ಜಾಸ್ತಿ. ಬಳ್ಳಾರಿಯಲ್ಲಿ ಏನು ಬಡಿಸ್ತಾರೋ.

ಡಿಟಿಪಿ_ಅಕ್ಕ (ಕೊಪ್ಪಳ)
ವಿಷಯಕ್ಕೆ ಬನ್ನಿ ಮಾರಾಯರೇ.

ಪೆನ್ಸಿಲ್_ಮೊನೆ (ಬೆಂಗಳೂರು, ಊರು ಗಂಗಾವತಿ)
ವಿಷಯಕ್ಕೇ ಬರ್ತೀನಿ. ಅಕ್ಕ, ನನ್ನ ಟೇಬಲ್ ಹಂಚಿಕೊಳ್ಳಬಹುದು. ನನ್ನದು ಚಿತ್ರ, ನಿಮ್ಮದು ಕಥೆ, ಪೈಪೋಟಿ ಇಲ್ಲ. ಆದರೆ ಅರ್ಜಿ ಹಾಕುವಾಗಲೇ ಇಬ್ಬರ ಹೆಸರೂ ಬರೆಯಬೇಕು. ಆಮೇಲೆ ಸೇರಿಸಲು ಹೋದರೆ ಬಾಗಿಲಲ್ಲಿ ಪಾಸ್ ಸಿಗದೇ ಜಗಳ ಆಗುತ್ತೆ.

ನಿಮ್ಮ ಕಥೆಯದ್ದೇ ಸ್ಟಿಕರ್ ಮಾಡೋಣ. ಅಂಬಿಗರ ಹುಡುಗಿ, ಹರಿಗೋಲು, ಮುಳುಗಿದ ಊರಿನ ಗೋಪುರ. ಸ್ಟಿಕರ್‌ಗೆ ನಿಂತವರು ‘ಇವಳು ಯಾರು’ ಅಂತ ಕೇಳುತ್ತಾರೆ. ಅಲ್ಲಿಂದ ಪುಸ್ತಕಕ್ಕೆ ಒಂದೇ ಹೆಜ್ಜೆ. ಬೇರೆ ಕಂಪನಿಯ ಸೂಪರ್‌ಹೀರೋ ಚಿತ್ರ ಬರೆದು ಮಾರುವವರೂ ಇದ್ದಾರೆ. ಅದು ಹಕ್ಕುಸ್ವಾಮ್ಯದ ತಕರಾರು, ನಮಗೆ ಬೇಡ.

ಕಿನ್ನಾಳ_ಬಣ್ಣ (ಕೊಪ್ಪಳ)
ತೊಗಲುಗೊಂಬೆ ಥರ ಬರೆಯಿರಿ ತಮ್ಮ. ತೊಗಲುಗೊಂಬೆ ಆಡಿಸುವ ಮೋರನಾಳದ ಭೀಮವ್ವಜ್ಜಿಗೆ 2025ರಲ್ಲಿ ಪದ್ಮಶ್ರೀ ಬಂತು, ಆಮೇಲಿಂದ ಬೆಂಗಳೂರಿನವರೂ ಈ ಗೊಂಬೆ ಕಂಡರೆ ಗುರುತು ಹಿಡಿಯುತ್ತಾರೆ. ಪಕ್ಕಕ್ಕೆ ತಿರುಗಿದ ಮುಖ, ದೊಡ್ಡ ಕಣ್ಣು, ಮೈ ತುಂಬ ತೂತಿನ ಚಿತ್ತಾರ. ಜಪಾನಿ ಚಿತ್ರದ ನಡುವೆ ಅದು ಎದ್ದು ಕಾಣುತ್ತೆ.

ಪೆನ್ಸಿಲ್_ಮೊನೆ (ಬೆಂಗಳೂರು, ಊರು ಗಂಗಾವತಿ)
ಅಣ್ಣಾ! ಇವತ್ತು ರಾತ್ರಿಯೇ ಬರೆದು ನೋಡ್ತೀನಿ.

ಗುಡೇಕೋಟೆ_ಕರಡಿ
ಸ್ಟಿಕರ್ ಮಾರೋಕೆ ಕಾದಂಬರಿ ಬರೆದ ಹಾಗಾಯ್ತು.

ಕೋಟೆಗುಡ್ಡ (ಬಳ್ಳಾರಿ)
ಸರ್, ಕಾದಂಬರಿ ಬರೆದಾಗಿದೆ. ಈಗ ಅದನ್ನು ಯಾರಾದರೂ ಓದಬೇಕು. ಒಂದು ಪ್ರತಿ ಕಳಿಸ್ತೀನಿ, ವಿಳಾಸ ನನಗೊಬ್ಬಳಿಗೇ ಕಳಿಸಿ. ಓದಿ ಬೈಯಿರಿ, ಬೇಜಾರಿಲ್ಲ.

ಗುಡೇಕೋಟೆ_ಕರಡಿ
ಕಳಿಸಿ. ದುಡ್ಡು ಕೊಟ್ಟೇ ತಗೋತೀನಿ, ಪುಕ್ಕಟೆ ಬೇಡ.

ಹತ್ತಿಕಾಳು (ರಾಯಚೂರು)
ಕರಡಿ ಕರಗಿತು. 😀 ಮೇಡಂ, ಈಗ 51 ಜೋಡಿ ಸಾಕು.

ರೈಲ್ವೆ_ಗೇಟ್ (ಬಳ್ಳಾರಿ)
ಪ್ರಯಾಣದ ಮಾತು ಯಾರೂ ಎತ್ತಿಲ್ಲ. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಸ್ಲೀಪರ್‌ನಲ್ಲಿ ಒಬ್ಬರಿಗೆ 40 ಕೆಜಿ ಲಗೇಜ್ ಪುಕ್ಕಟೆ. ನಿಮ್ಮ 200 ಪುಟದ ಪುಸ್ತಕ 240 ಗ್ರಾಂ ಆಸುಪಾಸು ಇರುತ್ತೆ, ನೂರು ಪ್ರತಿ ಅಂದರೆ 24 ಕೆಜಿ. ಒಂದೇ ದೊಡ್ಡ ಚೀಲಕ್ಕೆ ತುಂಬಬೇಡಿ, ಎತ್ತೋಕೆ ಆಗಲ್ಲ. ಎರಡು ಗಟ್ಟಿ ರಟ್ಟಿನ ಡಬ್ಬಿ, ಒಳಗೆ ಪ್ಲಾಸ್ಟಿಕ್ ಸುತ್ತಿ. ಮೆಟ್ರೊ ನೇರಳೆ ಮಾರ್ಗ ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್‌ವರೆಗೂ ಇದೆ. ಆದರೆ ದೊಡ್ಡ ಲಗೇಜ್ ಕಂಡರೆ ತಡೆಯುತ್ತಾರೆ. ಆಟೊ ಹಿಡಿದರೆ ನಿಮ್ಮ ಒಂದು ದಿನದ ಲಾಭ ಅಲ್ಲೇ ಖತಂ.

ಪೆನ್ಸಿಲ್_ಮೊನೆ (ಬೆಂಗಳೂರು, ಊರು ಗಂಗಾವತಿ)
ಪುಸ್ತಕ ಮೊದಲೇ ನನ್ನ ಮನೆಗೆ ಪಾರ್ಸೆಲ್ ಮಾಡಿ. ನನ್ನ ಸ್ಕೂಟರ್ ಇದೆ. ಅಕ್ಕ ಕೈ ಬೀಸಿಕೊಂಡು ಬರಲಿ.

ಹತ್ತಿಕಾಳು (ರಾಯಚೂರು)
ಪುಸ್ತಕ ಕಳಿಸೋಕೆ ಅಂಚೆಯ ಜ್ಞಾನ ಪೋಸ್ಟ್ ಸೇವೆ ನೋಡಿ. 2025ರ ಮೇ 1ರಿಂದ ಶುರುವಾಗಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿಗೆ 100, ತೆರಿಗೆ ಬೇರೆ. ವಿಮಾನದಲ್ಲಿ ಅಲ್ಲ, ನೆಲದ ಮೇಲಿನ ಸಾರಿಗೆಯಲ್ಲಿ ಹೋಗುತ್ತೆ, ಹಾಗಾಗಿ ನಿಧಾನ.

ಡೆಬಿಟ್_ಕ್ರೆಡಿಟ್ (ಬಳ್ಳಾರಿ)
ಅದರಲ್ಲಿ ಷರತ್ತಿದೆ. ಶಿಕ್ಷಣ, ಸಂಸ್ಕೃತಿ, ಧರ್ಮದ ಪುಸ್ತಕಕ್ಕೆ ಅಂತ ಮಾಡಿದ್ದು, ವ್ಯಾಪಾರದ ಪ್ರಕಟಣೆಗೆ ಅಲ್ಲ. ಮಾರೋಕೆ ಒಯ್ಯುವ ಕಾದಂಬರಿ ಕಟ್ಟನ್ನು ಕೌಂಟರಿನಲ್ಲಿ ಒಪ್ಪುತ್ತಾರಾ ಅಂತ ಮೊದಲು ಕೇಳಿ.

ರೈಲ್ವೆ_ಗೇಟ್ (ಬಳ್ಳಾರಿ)
ಅದಕ್ಕೇ ಹೇಳಿದ್ದು, ಎರಡು ಡಬ್ಬಿ.

ತುಂಗಭದ್ರಾ_ಎಡದಂಡೆ (ಸಿಂಧನೂರು)
ಸರಿ, ಹೋಗಿ ಬನ್ನಿ. ಆದರೆ ಬಳ್ಳಾರಿ ಸಮ್ಮೇಳನಕ್ಕೂ ಮಳಿಗೆಗೆ ಅರ್ಜಿ ಹಾಕಿ. ಒಬ್ಬರಿಗೆ ಒಂದು ಮಳಿಗೆ ಭಾರ ಆಗುತ್ತೆ. ರಾಯಚೂರು, ಕೊಪ್ಪಳ, ಬಳ್ಳಾರಿ ಸೇರಿ ಸ್ವಂತವಾಗಿ ಪುಸ್ತಕ ಮಾಡಿದವರು ಐದಾರು ಜನ ಸೇರಿ ಒಂದು ಹಿಡಿಯೋಣ. ನನ್ನದೂ ಒಂದು ಕವನ ಸಂಕಲನ ಇದೆ.

ಒಗ್ಗರಣಿ_ಮಿರ್ಚಿ (ರಾಯಚೂರು)
ಓಹೋ! ಅದಕ್ಕೇ ಇಷ್ಟು ಹೊತ್ತು ಸಮ್ಮೇಳನ ಸಮ್ಮೇಳನ ಅಂತ ಇದ್ದದ್ದು.

ತುಂಗಭದ್ರಾ_ಎಡದಂಡೆ (ಸಿಂಧನೂರು)
ನಿನಗೊಂದು ಪ್ರತಿ ಕಡ್ಡಾಯ.

ಸಂಡೂರು_ಸಂಪಿಗೆ
ಸಮ್ಮೇಳನದ ಮಳಿಗೆಗೆ ನಾನೂ ಬರ್ತೀನಿ, ಸಂಜೆ ಹೊತ್ತು ಕೂರಬಲ್ಲೆ. ಆದರೆ ಕವನ ಸಂಕಲನ ಮುಂದೆ ಇಟ್ಟು ಕಾದಂಬರಿ ಹಿಂದೆ ಇಡೋದಾದರೆ ಬೇಡ.

ತುಂಗಭದ್ರಾ_ಎಡದಂಡೆ (ಸಿಂಧನೂರು)
ಅಕ್ಷರಮಾಲೆ ಪ್ರಕಾರ ಇಡೋಣ.

ಹತ್ತಿಕಾಳು (ರಾಯಚೂರು)
ಸಂಕಲನದ ಹೆಸರು ‘ಅ’ದಿಂದ ಶುರುವಾಗುತ್ತೆ ಅಂತ ನನಗೆ ಗೊತ್ತು, ನೋಡಿದ್ದೀನಿ.

ಕೋಟೆಗುಡ್ಡ (ಬಳ್ಳಾರಿ)
ಯಪ್ಪಾ, ಇನ್ನೂ ಮಳಿಗೆಯೇ ಇಲ್ಲ, ಆಗಲೇ ಜಾಗಕ್ಕೆ ಜಗಳ. ಪೆನ್ಸಿಲ್ ತಮ್ಮಾ, ಅರ್ಜಿ ನಮೂನೆ ನನಗೆ ಕಳಿಸು. ಆರಿಸುವವರಿಗೆ ತೋರಿಸೋಕೆ ಮೊದಲ ಭಾಗದ ಮೂರು ಅಧ್ಯಾಯ ಸಾಕಾ, ಇಡೀ ಪುಸ್ತಕ ಬೇಕಾ? ಮುಖಪುಟದ ಫೈಲ್ ನನ್ನ ಹತ್ತಿರ ಇದೆ, ಅದರಿಂದಲೇ ಸ್ಟಿಕರ್ ಮಾಡಬಹುದಾ ನೋಡು.

ಪೆನ್ಸಿಲ್_ಮೊನೆ (ಬೆಂಗಳೂರು, ಊರು ಗಂಗಾವತಿ)
ಒಂದು ಅಧ್ಯಾಯ ಸಾಕು, ಜೊತೆಗೆ ಎರಡು ಸಾಲು ಇಂಗ್ಲಿಷಿನಲ್ಲಿ ಕಥೆ ಏನು ಅಂತ. ಆರಿಸುವವರಿಗೆ ಕನ್ನಡ ಬರುತ್ತೆ ಅಂತ ನಂಬಿಕೊಂಡು ಕೂರಬೇಡಿ. ಮುಖಪುಟ ಕಳಿಸಿ.

ಡಿಟಿಪಿ_ಅಕ್ಕ (ಕೊಪ್ಪಳ)
ಕಳಿಸುವ ಮುಂಚೆ ಅಕ್ಷರಗಳನ್ನು ಕರ್ವ್ ಮಾಡಿಸಿ, ಅಂದರೆ ಚಿತ್ರದ ಗೆರೆಯಾಗಿ ಬದಲಿಸಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಕಳಿಸಿದರೆ ಅವನ ಕಂಪ್ಯೂಟರಿನಲ್ಲಿ ಎಲ್ಲ ಸೊಟ್ಟ ಸೊಟ್ಟ ಇಂಗ್ಲಿಷ್ ಅಕ್ಷರ ಕಾಣುತ್ತೆ, ಆಮೇಲೆ ಅದೇ ಸ್ಟಿಕರ್ ಆಗುತ್ತೆ.